ಸಾಲಿನ ಮುಂದಿನ ಖಾಲಿ ಜಾಗ

ಜೇಸನ್ ಕ್ರಮದಲ್ಲಿ ಬರೆದ ಮಾಹಿತಿಯ ಕಡತವೊಂದನ್ನು ತೆರೆದು ನೋಡಿದರೆ, ಒಳಗಿನ ಸಾಲುಗಳು ಎಡ ಅಂಚಿನಿಂದ ಮೆಟ್ಟಿಲುಮೆಟ್ಟಿಲಾಗಿ ಸರಿದು ನಿಂತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಇದಕ್ಕೆ ಇಂಡೆಂಟ್ ಎಂದು ಹೆಸರು. ಗಣಕಯಂತ್ರಕ್ಕೆ ಈ ಖಾಲಿ ಜಾಗದಿಂದ ಪ್ರಯೋಜನವಿಲ್ಲ. ಅದಿರುವುದು ಓದುವ ಮನುಷ್ಯನ ಅನುಕೂಲಕ್ಕಾಗಿ. ಹಾಗಿದ್ದಮೇಲೆ ಅದನ್ನು ಅಳೆಯುವ ಗೋಜೇಕೆ?

ಸಾವಿರ ಸಾಲುಗಳ ಕಡತದಲ್ಲಿ ಒಂದೇ ಅಂಕಿಯನ್ನು ತಿದ್ದುವ ಕ್ರಮವಿಧಿಯನ್ನು ಭಾವಿಸಿಕೊಳ್ಳಿ. ಮೂಲದಲ್ಲಿ ಮೆಟ್ಟಿಲಿಗೆ ಎರಡು ಸ್ಪೇಸುಗಳಿದ್ದು, ಕ್ರಮವಿಧಿಯು ನಾಲ್ಕರಂತೆ ಬರೆದರೆ, ಹಳೆಯ ಹೊಸ ಪ್ರತಿಗಳನ್ನು ಹೋಲಿಸುವ ಗಿಟ್‌ನಂತಹ ಸಾಧನವು ಬಹುತೇಕ ಎಲ್ಲ ಸಾಲುಗಳೂ ಬದಲಾಗಿವೆಯೆಂದು ತೋರಿಸುವುದು. ಆ ಗದ್ದಲದಲ್ಲಿ ತಪ್ಪು ಅಂಕಿಯೊಂದು ನುಸುಳಿದರೂ ಪರಿಶೀಲಿಸುವವರ ಕಣ್ಣಿಗೆ ಬೀಳದು. ಆದುದರಿಂದ ಬರೆಯುವ ಮುನ್ನ ಮೂಲದ ಅಳತೆಯನ್ನು ತಿಳಿಯಬೇಕು.

ತಿಳಿಯುವುದೆಂತು? ಸಾಲುಗಳ ಮುಂದಿನ ಸ್ಪೇಸುಗಳು 0, 2, 4, 4, 4, 2, 0 ಎಂದಿರಲಿ. ಹೆಚ್ಚು ಸಲ ಬಂದ ಸಂಖ್ಯೆ 4; ಅದೇ ಉತ್ತರವೆಂದರೆ ತಪ್ಪಾಗುವುದು. ಪ್ರಯೋಗಶಾಲೆಯಲ್ಲಿ ಎರಡು ಗೆರೆಗಳ ಅಂತರವನ್ನು ಅವುಗಳ ಸ್ಥಾನಗಳ ವ್ಯತ್ಯಾಸದಿಂದ ಅಳೆಯುವೆವಲ್ಲವೇ? ಇಲ್ಲಿಯೂ ಹಾಗೆಯೇ. ಪ್ರತಿ ಸಾಲಿಗೂ ಅದರ ಹಿಂದಿನ ಸಾಲಿಗೂ ಇರುವ ವ್ಯತ್ಯಾಸವನ್ನು ತೆಗೆದು, ಚಿಹ್ನೆಯನ್ನೂ ಸೊನ್ನೆಗಳನ್ನೂ ಕೈಬಿಟ್ಟರೆ 2, 2, 2, 2 ಉಳಿಯುತ್ತದೆ. ಕೈಯಿಂದ ಬರೆದ ಕಡತದಲ್ಲಿ ಒಂದೆರಡು ಸಾಲು ಓರೆಯಾಗಿರಬಹುದು. ಅತಿ ಹೆಚ್ಚು ಸಲ ಬಂದ ವ್ಯತ್ಯಾಸಕ್ಕೇ ಮನ್ನಣೆ.

ಸ್ಪೇಸಿನ ಬದಲು ಟ್ಯಾಬ್ ಇರುವುದೂ ಉಂಟು. ಕಣ್ಣಿಗೆ ಎರಡೂ ಖಾಲಿಯೇ. ಆದರೆ ಆಸ್ಕಿ ಸಂಕೇತದಲ್ಲಿ ಸ್ಪೇಸಿಗೆ 32, ಟ್ಯಾಬಿಗೆ 9. ಕ್ರಮವಿಧಿಗೆ ಇವನ್ನು ಬೇರ್ಪಡಿಸುವುದು ಕಷ್ಟವಲ್ಲ. ಇಡೀ ಕಡತ ಒಂದೇ ಸಾಲಿನಲ್ಲಿದ್ದರೆ ಮೆಟ್ಟಿಲೇ ಇಲ್ಲ; ಅದನ್ನು ಒಂದೇ ಸಾಲಿನಲ್ಲಿಯೇ ಮರಳಿ ಬರೆಯತಕ್ಕದ್ದು.

ಒಂದು ಅಂಕಿಯನ್ನು ತಿದ್ದಿದರೆ ಒಂದು ಸಾಲು ಮಾತ್ರ ಬದಲಾಗಬೇಕು. ಈ ಅಳತೆಯ ಉದ್ದೇಶ ಅಷ್ಟೇ.