ಕಾಲೇಜು ಮುಗಿಯಿತು, ಓಟ?

ಪ್ರಶ್ನೆ: ವಿಶ್ವವಿದ್ಯಾಲಯದ ತಂಡದಲ್ಲಿ 5,000 ಮೀಟರ್ ಓಡುತ್ತಿದ್ದೆ. ಈಗ 23 ವರ್ಷ. ಕೆಲಸಕ್ಕೆ ಸೇರಿದ ಮೇಲೆ ಬೆಳಿಗ್ಗೆ ಎದ್ದು ಓಡುವ ಮನಸ್ಸೇ ಬರುತ್ತಿಲ್ಲ. ಯಾಕೆ ಹೀಗೆ?

ಉತ್ತರ: ಸೋಮಾರಿಯಾದೆ ಎಂದು ಬೈದುಕೊಳ್ಳಬೇಡಿ. ಕಾಲೇಜಿನಲ್ಲಿ ನಿಮ್ಮನ್ನು ಓಡಿಸುತ್ತಿದ್ದದ್ದು ಮನಸ್ಸೊಂದೇ ಅಲ್ಲ. ಐದೂವರೆಗೆ ಸೀಟಿ ಹಿಡಿದು ನಿಂತ ಕೋಚ್, ಹಾಸ್ಟೆಲ್ ಬಾಗಿಲು ಬಡಿಯುವ ಗೆಳೆಯ, ಕ್ರೀಡಾಕೂಟದ ತಾರೀಖು, ಓಟದ ನಂತರದ ಬೇಯಿಸಿದ ಮೊಟ್ಟೆ ಎಲ್ಲವೂ ಒಟ್ಟಿಗೇ ಹೋದವು. ಉಳಿದದ್ದು ಅಲಾರಂ. ಅದರ ಬಾಯಿ ಮುಚ್ಚಿಸಲು ಒಂದು ಬೆರಳು ಸಾಕು.

ಆದ್ದರಿಂದ ಮನಸ್ಸಿಗೆ ಕಾಯದೆ ಮೊದಲು ತಾರೀಖು ಹಿಡಿಯಿರಿ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ 10 ಕಿ.ಮೀ. ಓಟವಿದೆ; ಶುಲ್ಕ ಕಟ್ಟಿಬಿಟ್ಟರೆ ದುಡ್ಡು ದಂಡವಾಗುವ ಸಂಕಟವೇ ಅರ್ಧ ಕೋಚ್! ಜೊತೆ ಬೇಕೆಂದರೆ ಬೆಳ್ಳಂಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ ನೋಡಿ, ಓಡುವವರ ಗುಂಪುಗಳಿಗೆ ಬರವಿಲ್ಲ.

ನಿಜವಾದ ವೈರಿ ಹಳೆಯ ಟೈಮಿಂಗ್. ಅಭ್ಯಾಸ ಬಿಟ್ಟ ಎರಡು ಮೂರು ವಾರಕ್ಕೇ ದಮ್ಮು ಇಳಿಯತೊಡಗುತ್ತದೆ. ಮರಳಿ ಬಂದವರು ಮೊದಲ ದಿನವೇ ಸ್ಟಾಪ್‌ವಾಚ್ ನೋಡಿ, ಎದೆಗುಂದಿ ಶೂ ಕಳಚಿಡುತ್ತಾರೆ. ಒಂದು ತಿಂಗಳು ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಓಡಿ.

ವಯಸ್ಸಿನ ಚಿಂತೆಯಂತೂ ಬೇಡ. ಕೀನ್ಯಾದ ಎಲಿಯುಡ್ ಕಿಪ್ಚೊಗೆ 5,000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು 2003ರಲ್ಲಿ, 18ನೇ ವಯಸ್ಸಿಗೆ. ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದದ್ದು 2022ರಲ್ಲಿ. ಆಗ ಅವರಿಗೆ 37.