ಗಿಜಿಗಿಜಿ ಗಿಡ: ತೋಟದಲ್ಲಿ ಹೂವು, ಹೊಲದಲ್ಲಿ ವಿಷ

ಒಣಗಿದ ಕಾಯನ್ನು ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡುವುದರಿಂದ ಈ ಗಿಡಕ್ಕೆ ಗಿಜಿಗಿಜಿ ಎಂಬ ಹೆಸರು. ಹಸಿರುಗೊಬ್ಬರಕ್ಕೆ ಬಿತ್ತುವ ಅಪ್ಸೆಣಬು ಇದರ ದಾಯಾದಿ. ಎರಡೂ ನಮ್ಮ ದೇಶದ್ದೇ ಒಂದು ವರ್ಷದ ಗಿಡಗಳು. ಇದನ್ನು ಕಳೆಯೆಂದು ಕೀಳಬೇಕೆ, ಹೂವೆಂದು ಉಳಿಸಬೇಕೆ? ಗಿಡ ನಿಂತ ಜಾಗವನ್ನು ನೋಡಿ ತೀರ್ಮಾನಿಸತಕ್ಕದ್ದು.

ಮೊದಲು ಗುಣ ನೋಡೋಣ. ನೀಲಗಿರಿಯ ಮಳೆಮರೆಯಲ್ಲಿರುವ ನಮ್ಮ ಮಸಿನಗುಡಿಯಂತಹ ಬಿಸಿಲು ಸೀಮೆಗೆ ಇದು ತಕ್ಕ ಗಿಡ. ಮೂರು ನಾಲ್ಕು ಅಡಿ ಬೆಳೆದು, ಕೆಂಪು ಗೀರುಳ್ಳ ಹಳದಿ ಹೂವಿನ ಗೊನೆ ಬಿಡುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ ಸೇರುವುದರಿಂದ ಮಣ್ಣಿಗೂ ಹಿತ. ಹೂವಿನ ಕೆಳದಳವನ್ನು ಒತ್ತಿ ತೆರೆಯಲು ಬಲವುಳ್ಳ ಹುಳು ಬೇಕು. ಮರ ಕೊರೆಯುವ ದೊಡ್ಡ ಕರಿ ದುಂಬಿ ಆ ಕೆಲಸ ಮಾಡುತ್ತದೆ. ಬದನೆಯ ಹೂವನ್ನು ಅದುರಿಸಿ ಪರಾಗ ಉದುರಿಸುವುದೂ ಅದೇ ದುಂಬಿ. ಆದ್ದರಿಂದ ತರಕಾರಿ ಬೆಳೆಯುವವರಿಗೆ ಈ ನೆಂಟಸ್ತಿಕೆ ಲಾಭದ್ದು.

ಮಳೆಗಾಲದ ಹಿಂದುಮುಂದು ಘಟ್ಟಕ್ಕೂ ಬಯಲಿಗೂ ನಡುವೆ ವಲಸೆ ಹೋಗುವ ನೀಲಿ ಪಟ್ಟೆಯ ಚಿಟ್ಟೆಗಳೂ ಈ ಗಿಡಕ್ಕೆ ಮುತ್ತುತ್ತವೆ. ಗಂಡು ಚಿಟ್ಟೆಗಳು ಬಾಡಿದ ಎಲೆಕಾಯಿಗಳ ರಸ ಹೀರಿ, ಅದರಲ್ಲಿರುವ ಕ್ಷಾರದಿಂದ ಹೆಣ್ಣನ್ನು ಕರೆಯುವ ಕಂಪು ತಯಾರಿಸಿಕೊಳ್ಳುತ್ತವೆ.

ಚಿಟ್ಟೆಗೆ ಬೇಕಾದ ಆ ಕ್ಷಾರವೇ ಮನುಷ್ಯರಿಗೂ ದನಗಳಿಗೂ ವಿಷ. ಅದು ಯಕೃತ್ತನ್ನು ಕೆಡಿಸುತ್ತದೆ. 1970ರ ದಶಕದ ನಡುಭಾಗದಲ್ಲಿ, ಆಗಿನ ಮಧ್ಯಪ್ರದೇಶದ, ಈಗಿನ ಛತ್ತೀಸಗಢದ ಸರಗುಜಾ ಜಿಲ್ಲೆಯಲ್ಲಿ ಕಿರುಧಾನ್ಯದೊಡನೆ ಇದೇ ವಂಶದ ಕಾಡುಗಿಡದ ಬೀಜ ಬೆರೆತಿತ್ತು. ಅದನ್ನು ಉಂಡವರ ಹೊಟ್ಟೆಯಲ್ಲಿ ನೀರು ತುಂಬಿ ಹಲವರು ಸತ್ತರು.

ಆದುದರಿಂದ ರಾಗಿ, ಸಾಮೆಯ ಹೊಲದಲ್ಲಿ ಈ ಗಿಡ ಕಂಡರೆ ಕಾಯಿ ಬಲಿಯುವ ಮುನ್ನ ಕಿತ್ತುಬಿಡಿ. ಕಣದ ಬಳಿ, ದನ ಮೇಯುವ ಕಡೆ ಬೆಳೆಸಬೇಡಿ. ಬೇಲಿಯುಳ್ಳ ತರಕಾರಿ ತೋಟದ ಬಿಸಿಲಂಚು ಇದಕ್ಕೆ ಸರಿಯಾದ ಜಾಗ.

ಬೀಜದ ಸಿಪ್ಪೆ ಗಟ್ಟಿ. ಒರಟು ಮರಳಿನೊಡನೆ ಉಜ್ಜಿ, ಒಂದು ರಾತ್ರಿ ನೆನೆಸಿ, ಮುಂಗಾರು ಹತ್ತಿದಾಗ ಅರ್ಧ ಅಂಗುಲ ಆಳಕ್ಕೆ, ಅಡಿಗೊಂದರಂತೆ ಊರಿ. ನೀರು ನಿಲ್ಲಬಾರದು. ಹೂವಿರುವಾಗ ಕೀಟನಾಶಕ ಸಿಂಪಡಿಸಬೇಡಿ. ಕರೆದ ದುಂಬಿಯನ್ನು ನಾವೇ ಕೊಂದಂತಾಗುತ್ತದೆ. ಕಾಯಿ ಕಂದು ಬಣ್ಣಕ್ಕೆ ತಿರುಗಿದೊಡನೆ, ಸಿಡಿಯುವ ಮೊದಲೇ, ಬಿಡಿಸಿಕೊಳ್ಳಿ. ಬಿತ್ತನೆಗೆ ಬೇಕಾದಷ್ಟನ್ನು ಧಾನ್ಯದಿಂದ ದೂರ, ಹೆಸರು ಬರೆದ ಸೀಸೆಯಲ್ಲಿಡಿ, ಮಿಕ್ಕದ್ದನ್ನು ಸುಟ್ಟುಬಿಡಿ.

ಮಕ್ಕಳಿಗೆ ಈ ಕಾಯಿ ಕಾಸಿಲ್ಲದ ಗಿಲಕಿ. ಆದರೆ ಬೀಜವನ್ನು ಬಾಯಿಗೆ ಹಾಕಬಾರದೆಂದು ಮನೆಯಲ್ಲೂ ಶಾಲೆಯಲ್ಲೂ ತಿಳಿಸಿ ಹೇಳುವುದು ಹಿರಿಯರ ಹೊಣೆ.