ಡೆನ್ಮಾರ್ಕಿನಲ್ಲಿ ಭೂಮಾಪಕ ವೃತ್ತಿ ಮತ್ತು ಅದರ ಶಿಕ್ಷಣ

ಸ್ಥಿರಾಸ್ತಿಯ ಅಡಮಾನದ ಮೇಲೆ ಸಾಲ ನೀಡುವ ಯಾವುದೇ ಸಂಸ್ಥೆ ಮೂರು ಪ್ರಶ್ನೆಗಳಿಗೆ ಉತ್ತರ ಬಯಸುತ್ತದೆ. ಆಸ್ತಿ ಯಾರದು? ಅದರ ಮೇಲೆ ಯಾವ ಋಣಭಾರವಿದೆ? ಅದು ಎಲ್ಲಿಂದ ಎಲ್ಲಿಯವರೆಗೆ ಹರಡಿದೆ? ಮೊದಲೆರಡು ಪ್ರಶ್ನೆಗಳಿಗೆ ದಾಖಲೆಪತ್ರಗಳು ಉತ್ತರ ಕೊಡಬಲ್ಲವು. ಮೂರನೆಯದಕ್ಕೆ ಉತ್ತರ ಕೊಡಬೇಕಾದವನು ಭೂಮಾಪಕ. ಅವನ ಅಳತೆ ತಪ್ಪಿದರೆ ಉಳಿದೆರಡು ಉತ್ತರಗಳ ಬೆಲೆಯೂ ಕುಂದುತ್ತದೆ. ಈ ದೃಷ್ಟಿಯಿಂದ ಡೆನ್ಮಾರ್ಕಿನ ಏರ್ಪಾಡು ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ.

ಡೆನ್ಮಾರ್ಕಿನ ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತಲೂ ಕಡಿಮೆ. ಜನಸಂಖ್ಯೆ ಸುಮಾರು 60 ಲಕ್ಷ. 1795ರಲ್ಲಿ ಕೋಪನ್‌ಹೇಗನ್ ನಗರವು ಬೆಂಕಿಗೆ ತುತ್ತಾದಾಗ ಪುನರ್ನಿರ್ಮಾಣಕ್ಕೆ ಬಂಡವಾಳ ಬೇಕಾಯಿತು. 1797ರಲ್ಲಿ ಅಲ್ಲಿಯ ಮೊದಲ ಅಡಮಾನ ಸಾಲ ಸಂಘ ಹುಟ್ಟಿಕೊಂಡಿತು. ಸಾಲಪತ್ರಗಳನ್ನು ಮಾರಿ, ಬಂದ ಹಣವನ್ನು ಆಸ್ತಿಯ ಆಧಾರದ ಮೇಲೆ ಸಾಲವಾಗಿ ಕೊಡುವ ಆ ಪದ್ಧತಿ ಇಂದಿಗೂ ಮುಂದುವರಿದಿದೆ. 1844ರಲ್ಲಿ ಭೂಕಂದಾಯದ ಉದ್ದೇಶಕ್ಕಾಗಿ ಜಮೀನಿನ ಅಳತೆ ಮತ್ತು ಮಣ್ಣಿನ ಗುಣವನ್ನು ಆಧರಿಸಿದ ರಾಷ್ಟ್ರೀಯ ಭೂದಾಖಲೆ ಜಾರಿಗೆ ಬಂದಿತು. ಕಂದಾಯಕ್ಕೆಂದು ಆರಂಭವಾದ ಈ ದಾಖಲೆ ಕಾಲಕ್ರಮದಲ್ಲಿ ಕ್ರಯ ಮತ್ತು ಅಡಮಾನಗಳಿಗೂ ಅಡಿಗಲ್ಲಾಯಿತು.

ಖಾಸಗಿ ವೃತ್ತಿ, ಸಾರ್ವಜನಿಕ ಹೊಣೆ

ಜಮೀನನ್ನು ವಿಭಜಿಸುವ, ಒಗ್ಗೂಡಿಸುವ ಅಥವಾ ಗಡಿ ಬದಲಿಸುವ ಕಾರ್ಯವನ್ನು ಅಲ್ಲಿ ಪರವಾನಗಿ ಪಡೆದ ಖಾಸಗಿ ಭೂಮಾಪಕರು ನಡೆಸುತ್ತಾರೆ. ಇವರನ್ನು ‘ಲ್ಯಾಂಡ್‌ಇನ್‌ಸ್ಪೆಕ್ಟೋರ್’ ಎಂದು ಕರೆಯುತ್ತಾರೆ. ಶುಲ್ಕ ಕೊಡುವವನು ಆಸ್ತಿಯ ಮಾಲೀಕ. ಆದರೆ ಭೂಮಾಪಕನು ಕಾನೂನಿನ ದೃಷ್ಟಿಯಲ್ಲಿ ನಿಷ್ಪಕ್ಷಪಾತಿಯಾಗಿರಬೇಕು. ಗಡಿ ಗುರುತಿಸಿ ಅಳೆಯುವುದರ ಜೊತೆಗೆ, ಪ್ರಸ್ತಾಪಿತ ವಿಭಜನೆಯು ನಗರ ಯೋಜನೆ, ರಸ್ತೆ, ಕೃಷಿ ಮತ್ತು ನಿಸರ್ಗ ಸಂರಕ್ಷಣಾ ಕಾನೂನುಗಳಿಗೆ ಅನುಗುಣವಾಗಿದೆಯೇ ಎಂಬುದನ್ನೂ ಅವನೇ ಪರಿಶೀಲಿಸಿ ಕಡತವನ್ನು ಸರಕಾರಿ ಇಲಾಖೆಗೆ ಸಲ್ಲಿಸುತ್ತಾನೆ. ಇಲಾಖೆ ಒಪ್ಪಿದ ನಂತರವೇ ದಾಖಲೆ ಬದಲಾಗುತ್ತದೆ. ಲೆಕ್ಕ ಪರಿಶೋಧಕನ ಸ್ಥಾನಕ್ಕೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟ: ಶುಲ್ಕ ಕಕ್ಷಿದಾರನದು, ನಂಬಿಕೆ ಮೂರನೆಯವರದು.

ಶಿಕ್ಷಣದ ಕ್ರಮ

ಭೂಮಾಪನ ಶಿಕ್ಷಣವು 1858ರಿಂದ ಕೋಪನ್‌ಹೇಗನ್‌ನ ಪಶುವೈದ್ಯ ಹಾಗೂ ಕೃಷಿ ಮಹಾವಿದ್ಯಾಲಯದಲ್ಲಿ ನಡೆಯುತ್ತಿತ್ತು. 1974ರಲ್ಲಿ ಅದು ಆಗಷ್ಟೇ ಸ್ಥಾಪನೆಯಾದ ಆಲ್ಬೋರ್ಗ್ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡಿತು. ಸ್ನಾತಕೋತ್ತರ ಮಟ್ಟದವರೆಗಿನ ಈ ವ್ಯಾಸಂಗದ ಅವಧಿ 5 ವರ್ಷ. ಅಳತೆ ಮತ್ತು ನಕ್ಷೆ ರಚನೆ, ಭೂ ಕಾನೂನು, ಭೂಬಳಕೆ ಯೋಜನೆ ಇವು ಮೂರೂ ಜೊತೆಯಲ್ಲಿ ಸಾಗುತ್ತವೆ. ವಿದ್ಯಾರ್ಥಿಗಳು ಗುಂಪಾಗಿ ನೈಜ ಸಮಸ್ಯೆಯೊಂದನ್ನು ಎತ್ತಿಕೊಂಡು ಪರಿಹರಿಸುವುದು ಅಲ್ಲಿಯ ಬೋಧನಾ ಕ್ರಮದ ವೈಶಿಷ್ಟ್ಯ. ಪದವಿಯೊಂದರಿಂದಲೇ ಪರವಾನಗಿ ದೊರೆಯದು. ಅದಕ್ಕೆ 3 ವರ್ಷಗಳ ವೃತ್ತಿ ಅನುಭವವೂ ಬೇಕು. ವೃತ್ತಿಲೋಪದ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಮಂಡಳಿಯಿದೆ.

ಗಡಿ ತಂಟೆ ಬಂದಾಗ

ನೆರೆಹೊರೆಯವರಲ್ಲಿ ಗಡಿಯ ಬಗ್ಗೆ ತಕರಾರು ಹುಟ್ಟಿದರೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಮೊದಲು ಭೂಮಾಪಕನು ಸ್ಥಳದಲ್ಲಿಯೇ ಉಭಯ ಪಕ್ಷಗಳ ಹೇಳಿಕೆ ಕೇಳಿ, ಹಳೆಯ ಅಳತೆಗಳನ್ನು ಪರಿಶೀಲಿಸಿ, ಗಡಿಯನ್ನು ನಿರ್ಧರಿಸುತ್ತಾನೆ. ಇದಕ್ಕೆ ಒಪ್ಪದವರಿಗೆ ಮಾತ್ರ ನ್ಯಾಯಾಲಯದ ದಾರಿ.

ಹಾಗೆಂದು ಈ ವ್ಯವಸ್ಥೆಗೆ ಮಿತಿಗಳಿಲ್ಲವೆಂದಲ್ಲ. ದಾಖಲೆಯಲ್ಲಿ ನಮೂದಾದ ವಿಸ್ತೀರ್ಣಕ್ಕೆ ಸರಕಾರದ ಖಾತರಿಯಿಲ್ಲ. ಗಣಕೀಕೃತ ನಕ್ಷೆಯ ಕೆಲವು ಭಾಗಗಳು ಹಳೆಯ 1:4000 ಪ್ರಮಾಣದ ನಕ್ಷೆಗಳಿಂದಲೇ ಬಂದವು. ಪರದೆಯ ಮೇಲಿನ ಗೆರೆಯನ್ನು ನಂಬಿ ಗೋಡೆ ಕಟ್ಟುವಂತಿಲ್ಲ. 1683ರ ಕಾನೂನಿನಿಂದ ಬಂದ ನಿಯಮದಂತೆ 20 ವರ್ಷಗಳ ಅನಧಿಕೃತ ಅನುಭೋಗವೂ ಹಕ್ಕಾಗಬಲ್ಲದು. ನಮ್ಮ ಕಾಲಮಿತಿ ಅಧಿನಿಯಮದಲ್ಲಿ ಖಾಸಗಿ ಆಸ್ತಿಗೆ ಈ ಅವಧಿ 12 ವರ್ಷ.

ಉದ್ಯಮಿಗಳಿಗೆ ಪಾಠ

ಕರ್ನಾಟಕದಲ್ಲಿಯೂ ಪರವಾನಗಿ ಪಡೆದ ಖಾಸಗಿ ಭೂಮಾಪಕರಿದ್ದಾರೆ. ಕೃಷಿ ಜಮೀನಿನ ಒಂದು ಭಾಗವನ್ನು ಕ್ರಯಕ್ಕೆ ಕೊಡಲು 11ಇ ನಕ್ಷೆ ಅವಶ್ಯ. ಆದರೂ ಕಾರ್ಖಾನೆಗಾಗಿ ಜಾಗ ಕೊಳ್ಳುವಾಗ ವಕೀಲರಿಂದ ಹಕ್ಕು ಪರಿಶೀಲನೆ ಮಾಡಿಸಿ, ಚೆಕ್ಕುಬಂದಿಯನ್ನು ಹಳೆಯ ಪತ್ರದಿಂದ ಹಾಗೆಯೇ ನಕಲು ಮಾಡುವವರುಂಟು. ಮುಂದೆ ಸಾಲಕ್ಕೆ ಹೋದಾಗಲೋ, ಆವರಣ ಗೋಡೆ ಎಬ್ಬಿಸುವಾಗಲೋ ಕೊರತೆ ಬೆಳಕಿಗೆ ಬರುತ್ತದೆ. ಅಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ. ಮುಂಗಡ ಕೊಡುವ ಮೊದಲೇ ಹದ್ದುಬಸ್ತು ಮಾಡಿಸಿ, ನೆಲದ ಮೇಲಿನ ಅಳತೆಯನ್ನು ಪತ್ರದ ಅಳತೆಯೊಡನೆ ತಾಳೆ ನೋಡುವುದು ಅಂತಹ ನಷ್ಟವನ್ನು ತಪ್ಪಿಸುವ ಅಲ್ಪ ವೆಚ್ಚದ ಉಪಾಯ. ಐದು ವರ್ಷ ಓದಿ, ಮೂರು ವರ್ಷ ದುಡಿದ ಮೇಲೆಯೇ ಗಡಿ ಗುರುತಿಸುವ ಅಧಿಕಾರ ಕೊಡುವ ದೇಶವೂ ನಕ್ಷೆಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ ಎಂಬುದನ್ನು ಮರೆಯಬಾರದು.